ಜಗಲಿಗಳ ಊರಿನಲ್ಲಿ ರಾಮನಗರದ ಬಂಡೆಗಳು

ಉತ್ತರ ಇಟಲಿಯ ಬೊಲೋನ್ಯ ನಗರಕ್ಕೆ ಅಡ್ಡಹೆಸರುಗಳು ಮೂರು: 1088ರಿಂದ ತನ್ನ ವಯಸ್ಸನ್ನು ಎಣಿಸಿಕೊಳ್ಳುವ ವಿಶ್ವವಿದ್ಯಾಲಯ ಇರುವುದರಿಂದ ಅದು ಓದಿದ ಊರು, ಅಡುಗೆಮನೆಗಳ ಸಮೃದ್ಧಿಯಿಂದಾಗಿ ಮೈತುಂಬಿದ ಊರು, ಇಟ್ಟಿಗೆಯ ಬಣ್ಣಕ್ಕೂ ಎಡಪಂಥದ ರಾಜಕಾರಣಕ್ಕೂ ಸಲ್ಲುವಂತೆ ಕೆಂಪು ಊರು. ಆದರೆ ಕನ್ನಡ ನಾಡಿನಿಂದ ಹೋದ ಪ್ರವಾಸಿಯನ್ನು ಮೊದಲು ತಡೆದು ನಿಲ್ಲಿಸುವುದು ಅಲ್ಲಿನ ಜಗಲಿಗಳು. ಬೀದಿಯ ಎರಡೂ ಬದಿಗೆ ಮನೆಗಳ ಮೇಲಂತಸ್ತು ಕಂಬಗಳ ಮೇಲೆ ಮುಂದಕ್ಕೆ ಚಾಚಿಕೊಂಡಿರುತ್ತದೆ, ಅದರ ಕೆಳಗೆ ಕಮಾನು ಕಮಾನಾಗಿ ಸಾಗುವ ನೆರಳಿನ ದಾರಿಯಲ್ಲಿ ಊರಿಗೆ ಊರೇ ನಡೆದಾಡುತ್ತದೆ. ‘ಪೋರ್ತಿಕೊ’ ಎಂದು ಕರೆಯುವ ಇಂಥ ದಾರಿಗಳು ಹಳೆಯ ಊರಿನೊಳಗೇ ಮೂವತ್ತೆಂಟು ಕಿಲೋಮೀಟರಿನಷ್ಟಿವೆ. ಹೊಸದಾಗಿ ಮನೆ ಕಟ್ಟುವವರೆಲ್ಲರೂ ಮುಂದೆ ಪೋರ್ತಿಕೊ ಬಿಡಲೇಬೇಕೆಂದು 1288ರಲ್ಲಿ ನಗರಾಡಳಿತ ಕಟ್ಟಳೆ ಮಾಡಿತು, 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇವುಗಳ ಹಿಂದಿರುವ ತತ್ತ್ವ ಸರಳವಾಗಿದ್ದರೂ ಅಪರೂಪದ್ದು: ನೆಲ ಮನೆಯವನದು, ನಡಿಗೆ ಎಲ್ಲರದು. ಮಲೆನಾಡಿನ ಮನೆಯ ಜಗಲಿಯಲ್ಲಿ ದಾರಿಹೋಕ ಕೂತು ನೀರು ಬೆಲ್ಲ ಕೇಳಬಹುದು, ಮಳೆ ನಿಲ್ಲುವ ತನಕ ಕಾಯಬಹುದು. ಆ ಸೌಜನ್ಯವನ್ನು ಬೊಲೋನ್ಯ ಏಳು ನೂರು ವರ್ಷಗಳ ಹಿಂದೆಯೇ ಕಾನೂನಾಗಿಸಿತ್ತು ಎಂಬುದು ಮೊದಲ ದಿನದ ಅಚ್ಚರಿ. ಆ ಅಚ್ಚರಿಯ ಅರ್ಥ ತಿಳಿಯುವುದಕ್ಕೆ ಮಾತ್ರ ಇನ್ನೂ ಕೆಲವು ರಾತ್ರಿಗಳು ಬೇಕಾದವು.

2025ರ ಜೂನ್ ತಿಂಗಳ ಕೊನೆಯ ವಾರದ ಆ ಪ್ರಯಾಣದ ಉದ್ದೇಶ ಸಿನಿಮಾ. ‘ಇಲ್ ಚಿನೆಮಾ ರಿತ್ರೊವಾತೊ’, ಅಂದರೆ ‘ಮರಳಿ ಸಿಕ್ಕ ಸಿನಿಮಾ’ ಎಂಬ ಹೆಸರಿನ ಉತ್ಸವವೊಂದು 1986ರಿಂದ ಈ ಊರಿನಲ್ಲಿ ನಡೆಯುತ್ತಿದೆ. ಹೊಸ ಚಿತ್ರಗಳ ಸ್ಪರ್ಧೆಯಾಗಲೀ ತಾರೆಯರ ಮೆರವಣಿಗೆಯಾಗಲೀ ಇದರ ಜೀವಾಳವಲ್ಲ. ಕಳೆದುಹೋಗಿದ್ದ, ಕೊಳೆಯುತ್ತಿದ್ದ, ತುಂಡಾಗಿದ್ದ ಹಳೆಯ ಚಿತ್ರಗಳನ್ನು ಜಗತ್ತಿನ ಮೂಲೆಮೂಲೆಗಳಿಂದ ತಂದು, ಸರಿಪಡಿಸಿ, ಮತ್ತೆ ಪರದೆಗೆ ಏರಿಸುವುದಷ್ಟೇ ಅದರ ಕೆಲಸ. ಇದನ್ನು ನಡೆಸುವುದು ‘ಚಿನೆತೆಕಾ’. ಪುಸ್ತಕಗಳಿಗೆ ಗ್ರಂಥಾಲಯ ಹೇಗೋ ಚಿತ್ರಗಳಿಗೆ ಚಿನೆತೆಕಾ ಹಾಗೆ ಎಂದರೆ ಅರ್ಥವಾದೀತು. ಉತ್ಸವ ಮುಗಿದ ಮೇಲೂ ಬೇಸಿಗೆಯುದ್ದಕ್ಕೂ ಊರ ನಡುವಿನ ಮಹಾಚೌಕದಲ್ಲಿ, ‘ಪಿಯಾತ್ಸಾ ಮಜ್ಜೊರೆ’ಯಲ್ಲಿ, ಬಯಲು ಪ್ರದರ್ಶನ ಮುಂದುವರಿಯುತ್ತದೆ, ಟಿಕೆಟ್ ಇಲ್ಲ, ಬಂದವರಿಗೆ ಕುರ್ಚಿ, ಕುರ್ಚಿ ಸಿಗದವರಿಗೆ ಇಗರ್ಜಿಯ ಮೆಟ್ಟಿಲು.

ಈ ಊರು ಏಕೆ ಇಂಥ ಕೆಲಸಕ್ಕೆ ಕೈಹಾಕಿತು ಎಂಬ ಪ್ರಶ್ನೆಗೆ ರೈಲು ನಿಲ್ದಾಣದಲ್ಲೇ ಅರ್ಧ ಉತ್ತರ ಸಿಗುತ್ತದೆ. ನಿಲ್ದಾಣದ ಹೊರಗೋಡೆಯ ಗಡಿಯಾರವೊಂದು ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ ನಿಂತಿದೆ, ಅದನ್ನು ಬೇಕೆಂದೇ ಹಾಗೆ ಬಿಡಲಾಗಿದೆ. 1980ರ ಆಗಸ್ಟ್ 2ರ ಬೆಳಿಗ್ಗೆ ಆ ಹೊತ್ತಿಗೆ ನಿರೀಕ್ಷಣಾ ಕೊಠಡಿಯಲ್ಲಿ ಬಾಂಬ್ ಸಿಡಿದು ಎಂಬತ್ತೈದು ಜನ ಸತ್ತರು. ಅಲ್ಲಿಂದ ಇಪ್ಪತ್ತು ನಿಮಿಷ ನಡೆದರೆ ಚೌಕದ ಮಗ್ಗುಲಿನ ಗೋಡೆಯ ಮೇಲೆ, ಫ್ಯಾಸಿಸ್ಟರ ಮತ್ತು ನಾಜಿಗಳ ವಿರುದ್ಧ ಹೋರಾಡಿ ಪ್ರಾಣ ತೆತ್ತವರ ಎರಡು ಸಾವಿರಕ್ಕೂ ಹೆಚ್ಚು ಭಾವಚಿತ್ರಗಳು ಸಾಲುಸಾಲಾಗಿ ಕಾಣುತ್ತವೆ. ಸಂಜೆ ಕಾಲೇಜಿನ ಹುಡುಗರು ಐಸ್‌ಕ್ರೀಂ ತಿನ್ನುತ್ತ ಅದರ ಕೆಳಗೇ ಕೂತಿರುತ್ತಾರೆ. ಸತ್ತವರ ಮುಖಗಳನ್ನು ಬೀಗ ಹಾಕಿದ ಕೋಣೆಯಲ್ಲಿಡದೆ ನಡೆದಾಡುವ ದಾರಿಯಲ್ಲಿಟ್ಟ ಊರು ಇದು.

ಚೌಕದ ದಕ್ಷಿಣಕ್ಕೆ ಸಂತ ಪೆತ್ರೋನಿಯೊ ಬಸಿಲಿಕಾ ನಿಂತಿದೆ. 1390ರಲ್ಲಿ ಆರಂಭವಾದ ಈ ಬೃಹತ್ ಇಗರ್ಜಿಯ ಮುಂಭಾಗ ಇಂದಿಗೂ ಅರ್ಧದಲ್ಲೇ ನಿಂತಿದ್ದು, ಕೆಳಗಿನ ಪಾಲಿಗೆ ಅಮೃತಶಿಲೆಯ ಹೊದಿಕೆ, ಮೇಲೆ ಬರಿಯ ಇಟ್ಟಿಗೆ. ಹೊರಗೆ ಕಾದ ಹೆಂಚಿನಂಥ ಬಿಸಿಲಿದ್ದ ಒಂದು ಮಧ್ಯಾಹ್ನ ತಂಪಿಗೆಂದು ಒಳಹೊಕ್ಕ ಪ್ರವಾಸಿಗೆ ಅಲ್ಲಿ ಕಂಡದ್ದು ನೆಲದ ಮೇಲೆ ಅರವತ್ತೇಳು ಮೀಟರುಗಳಷ್ಟು ಉದ್ದಕ್ಕೆ ಓರೆಯಾಗಿ ಹಾಯ್ದ ಒಂದು ಗೆರೆ. ಖಗೋಳಜ್ಞ ಜೊವಾನ್ನಿ ದೊಮೆನಿಕೊ ಕಸ್ಸೀನಿ 1655ರಲ್ಲಿ ಹಾಕಿಸಿದ ಮಧ್ಯಾಹ್ನರೇಖೆ ಅದು. ಸುಮಾರು ಇಪ್ಪತ್ತೇಳು ಮೀಟರ್ ಎತ್ತರದ ಚಾವಣಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಅದರ ಮೂಲಕ ಇಳಿದ ಸೂರ್ಯನ ಬಿಂಬ ನಡುಹಗಲಿನಲ್ಲಿ ಆ ಗೆರೆಯನ್ನು ದಾಟುತ್ತದೆ, ದಾಟುವ ಜಾಗ ಋತುವಿನೊಂದಿಗೆ ಸರಿಯುತ್ತ ಹೋಗುತ್ತದೆ. ಜೂನ್ ತಿಂಗಳಲ್ಲಿ ಸೂರ್ಯ ಎತ್ತರದಲ್ಲಿರುವುದರಿಂದ ಬಿಂಬ ರಂಧ್ರಕ್ಕೆ ಹತ್ತಿರದಲ್ಲೇ ಬೀಳುತ್ತದೆ, ಪುಟ್ಟದಾಗಿ, ಹೊಳಪಾಗಿ. ಮಧ್ಯಾಹ್ನ ಒಂದೂ ಕಾಲರ ಸುಮಾರಿಗೆ ಹತ್ತಾರು ಜನ ಮಾತು ನಿಲ್ಲಿಸಿ ನೆಲವನ್ನೇ ನೋಡುತ್ತ ನಿಂತರು, ಬೆಳಕಿನ ಬಿಲ್ಲೆ ತೆವಳುತ್ತ ಬಂದು ಗೆರೆ ಮುಟ್ಟಿ ಮುಂದೆ ಹೋಯಿತು. ಕತ್ತಲ ಕೋಣೆ, ಒಂದು ಕಿಂಡಿ, ಚಲಿಸುವ ಬೆಳಕು, ಸುತ್ತ ಮೌನವಾಗಿ ನಿಂತ ಅಪರಿಚಿತರು: ಸಿನಿಮಾ ಎಂಬುದಕ್ಕೆ ಬೇಕಾದ ಎಲ್ಲವೂ ಆ ಇಗರ್ಜಿಯೊಳಗೆ ಚಲನಚಿತ್ರ ಹುಟ್ಟುವುದಕ್ಕೆ ಸುಮಾರು ಎರಡೂವರೆ ಶತಮಾನ ಮೊದಲೇ ಕೂಡಿಬಂದಿತ್ತು.

ಊಟದ ವಿಷಯದಲ್ಲಿ ಈ ಊರಿನ ಶಿಸ್ತು ಶಾಸ್ತ್ರಕ್ಕೆ ಸಮಾನ. ತಾಲ್ಯಾತೆಲ್ಲೆ ಎಂಬ ಪಟ್ಟಿಯಂಥ ಪಾಸ್ತಾ ಬೆಂದ ಮೇಲೆ ಎಂಟು ಮಿಲಿಮೀಟರ್ ಅಗಲವಿರಬೇಕೆಂದು 1972ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿಡಲಾಗಿದೆ. ಚೌಕದ ಹಿಂದಿನ ಓಣಿಯೊಂದರಲ್ಲಿ ಗಾಜಿನ ಕಿಟಕಿಯ ಆಚೆ ಒಬ್ಬ ಹಿರಿಯ ಹೆಂಗಸು ಮೊಟ್ಟೆ ಹಾಕಿ ನಾದಿದ ಗೋಧಿಹಿಟ್ಟನ್ನು ತನ್ನ ತೋಳಿನಷ್ಟು ಉದ್ದದ ಲಟ್ಟಣಿಗೆಯಿಂದ ಲಟ್ಟಿಸುತ್ತಿದ್ದಳು. ಹಾಳೆ ಮಣೆಯ ಅಂಚಿನಿಂದ ಜಾರಿ ಸೆರಗಿನಂತೆ ಇಳಿಬಿದ್ದಿತ್ತು, ಅದನ್ನು ಎತ್ತಿ ಹಿಡಿದಾಗ ಆಚೆ ಬದಿಯ ಅವಳ ಬೆರಳುಗಳ ನೆರಳು ಕಾಣುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ಒಂದೆಡೆ ಸೇರಿ ಮಣೆಯ ಮೇಲೆ ಶ್ಯಾವಿಗೆ ಹೊಸೆದು ಕೋಲಿನ ಮೇಲೆ ಒಣಹಾಕುತ್ತಿದ್ದ ದೃಶ್ಯವನ್ನು ಕಂಡವರಿಗೆ ಆ ಕಿಟಕಿಯ ಮುಂದಿನಿಂದ ಕಾಲು ಕೀಳುವುದು ಕಷ್ಟ. ಮಾಂಸ ತಿನ್ನದವರಿಗೆ ಆಕೆ ಬಡಿಸಿದ್ದು ರಿಕೊಟ್ಟ ಎಂಬ ಮೆದು ಗಿಣ್ಣನ್ನೂ ಸೊಪ್ಪನ್ನೂ ತುಂಬಿದ ತೊರ್ತೆಲ್ಲೊನಿ. ಆಕಾರದಲ್ಲಿ ಅದು ಪುಟ್ಟ ಕಡುಬೇ ಸರಿ, ಮೇಲೆ ಕರಗಿದ ಬೆಣ್ಣೆ. ಎಲ್ಲಿಂದ ಬಂದದ್ದೆಂದು ಕೇಳಿ, ಉತ್ತರ ಅರ್ಥವಾಗದಿದ್ದರೂ ತಟ್ಟೆಗೆ ಇನ್ನೆರಡು ಹಾಕಿದಳು.

ಚಿನೆತೆಕಾ ಇರುವುದು ಊರಿನ ವಾಯವ್ಯಕ್ಕೆ, ಹಿಂದೆ ಕಸಾಯಿಖಾನೆಯೂ ತಂಬಾಕಿನ ಕಾರ್ಖಾನೆಯೂ ಇದ್ದ ಕಟ್ಟಡಗಳಲ್ಲಿ. ಹತ್ತಿರದ ಬೀದಿಗೆ ರೇನೊ ದಂಡೆ ಎಂಬ ಹೆಸರು ಉಳಿದಿದೆ. ರೇನೊ ನದಿಯ ನೀರನ್ನು ಊರೊಳಕ್ಕೆ ತಂದ ಕಾಲುವೆ ಅಲ್ಲಿ ಹರಿಯುತ್ತಿತ್ತು, ಆ ನೀರಿನ ಬಲದಿಂದಲೇ ಬೊಲೋನ್ಯದ ರೇಷ್ಮೆ ಗಿರಣಿಗಳು ಶತಮಾನಗಳ ಕಾಲ ಯುರೋಪಿಗೆಲ್ಲ ನೂಲು ತಿರುವಿದವು. ಈ ಸಂಗತಿ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಸುಮ್ಮನೆ ದಾಟಿಹೋಗುವಂಥದ್ದಲ್ಲ. ಗೂಡಿನಿಂದ ಎಳೆ ಬಿಚ್ಚುವುದಕ್ಕೂ ತಗಡಿನ ಡಬ್ಬಿಯಿಂದ ಫಿಲ್ಮ್ ಬಿಚ್ಚುವುದಕ್ಕೂ ಬೇಕಾದ ತಾಳ್ಮೆ ಒಂದೇ ಜಾತಿಯದು.

ಆ ಕಟ್ಟಡಗಳ ನಡುವಿನ ಅಂಗಳಕ್ಕೆ ಪಿಯೆರ್ ಪಾವೊಲೊ ಪಸೊಲೀನಿಯ ಹೆಸರಿದೆ. 1922ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಕವಿ, ನಿರ್ದೇಶಕ ಆತ. ಅಲ್ಲಿ ಕೆಲವು ರಾತ್ರಿ ಮೂಕಿ ಚಿತ್ರಗಳನ್ನು ಕಾರ್ಬನ್ ದೀಪದ ಹಳೆಯ ಪ್ರೊಜೆಕ್ಟರಿನಿಂದ ತೋರಿಸುತ್ತಾರೆ. ಎರಡು ಕಾರ್ಬನ್ ಕಡ್ಡಿಗಳ ತುದಿಗಳನ್ನು ಹತ್ತಿರ ತಂದು ವಿದ್ಯುತ್ ಹಾಯಿಸಿದಾಗ ನಡುವಿನ ತೆರಪಿನಲ್ಲಿ ಕಣ್ಣು ಕೋರೈಸುವ ಬೆಳಕು ಹುಟ್ಟುತ್ತದೆ. ಕಡ್ಡಿಗಳು ಉರಿದು ಸವೆಯುತ್ತಿರುವುದರಿಂದ ತೆರಪು ಹಿಗ್ಗದಂತೆ ಆಪರೇಟರ್ ಅವನ್ನು ನೋಡಿಕೊಳ್ಳುತ್ತಲೇ ಇರಬೇಕು. ಯಂತ್ರದ ಚಿಮಣಿಯಿಂದ ತೆಳುವಾದ ಹೊಗೆ ಏಳುತ್ತಿತ್ತು, ಪಿಯಾನೊ ನುಡಿಯುತ್ತಿತ್ತು, ಪರದೆಯ ಮೇಲಿನ ಬೆಳಕು ಉಸಿರಾಡುವಂತೆ ಒಂದಿಷ್ಟು ಏರಿಳಿಯುತ್ತಿತ್ತು. ಕರ್ನಾಟಕದ ಟೂರಿಂಗ್ ಟಾಕೀಸುಗಳಲ್ಲೂ ಹೀಗೇ ಬೆಳಕು ಹುಟ್ಟುತ್ತಿತ್ತು. ಹಿಂಬದಿಯಲ್ಲಿ ಬಿಸಾಡಿದ ಕಾರ್ಬನ್ ತುಂಡುಗಳನ್ನು ಹುಡುಗರು ಆಯ್ದು ಗೋಡೆಯ ಮೇಲೆ ಗೀಚಲು ಇಟ್ಟುಕೊಳ್ಳುತ್ತಿದ್ದರು. ‘ನಮೋ ವೆಂಕಟೇಶ’ ಹಾಡು ಕೇಳಿಬಂತೆಂದರೆ ಆಟ ಶುರುವಾಗುವ ಹೊತ್ತಾಯಿತೆಂದು ಇಡೀ ಊರಿಗೆ ತಿಳಿಯುತ್ತಿದ್ದ ಆ ಲೋಕ ಮುಗಿದಾಗ ಯಾರೂ ಒಂದು ಯಂತ್ರವನ್ನಾದರೂ ಅಂಗಳದಲ್ಲಿ ಉಳಿಸಿಕೊಳ್ಳಬೇಕೆಂದು ಯೋಚಿಸಲಿಲ್ಲ.

ಅದೇ ಅಂಗಳದ ಕಲ್ಲುಬೆಂಚಿನ ಮೇಲೆ ಮಾತಿಗೆ ಸಿಕ್ಕ ಯುವತಿಯೊಬ್ಬಳು ಫಿಲ್ಮ್ ದುರಸ್ತಿಯ ಕೆಲಸದವಳು. ಬೊಲೋನ್ಯದಲ್ಲಿ 1992ರಿಂದ ‘ಲಿಮ್ಮಾಜಿನೆ ರಿತ್ರೊವಾತಾ’ ಎಂಬ ಪ್ರಯೋಗಾಲಯವಿದೆ, ಜಗತ್ತಿನ ಹಲವು ದೇಶಗಳ ಚಿತ್ರಗಳು ಚಿಕಿತ್ಸೆಗೆಂದು ಅಲ್ಲಿಗೆ ಬರುತ್ತವೆ. ಡಬ್ಬಿ ತೆರೆದ ಕೂಡಲೇ ಮೊದಲು ಕೆಲಸ ಮಾಡುವುದು ಮೂಗು ಎಂದಳು ಆಕೆ. ಅಸಿಟೇಟ್ ಎಂಬ ವಸ್ತುವಿನಿಂದ ಮಾಡಿದ ಫಿಲ್ಮ್ ಸೆಕೆಗೂ ತೇವಕ್ಕೂ ಸಿಕ್ಕರೆ ಅದರೊಳಗಿಂದ ಹುಳಿ ಆಮ್ಲ ಬಿಡುಗಡೆಯಾಗುತ್ತದೆ, ವಿನೆಗರಿನ ಘಾಟು ಬರುತ್ತದೆ. ಕ್ರಮೇಣ ಪಟ್ಟಿ ಕುಗ್ಗಿ, ಮುರುಟಿ, ಅಂಚಿನ ರಂಧ್ರಗಳು ಹರಿದು ಯಂತ್ರದಲ್ಲಿ ಓಡದಂತಾಗುತ್ತದೆ. ಮೊದಲು ಆ ರಂಧ್ರಗಳನ್ನು ಒಂದೊಂದಾಗಿ ಕೈಯಿಂದಲೇ ತೇಪೆ ಹಾಕಿ ಸರಿಪಡಿಸಬೇಕು, ಆಮೇಲೆ ತೊಳೆದು, ಚೌಕಟ್ಟು ಚೌಕಟ್ಟಾಗಿ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಗೀರು, ಕಲೆಗಳನ್ನು ತೆಗೆಯಬೇಕು. ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟುಗಳಂತೆ ಒಂದು ಗಂಟೆಯ ಚಿತ್ರಕ್ಕೆ 86,400 ಚೌಕಟ್ಟುಗಳಾಗುತ್ತವೆ. ಒಂದು ದಿನದಲ್ಲಿರುವ ಸೆಕೆಂಡುಗಳೂ ಅಷ್ಟೇ. ಆಕೆಯ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ನಿಲ್ಲಿಸುವುದು. ಧೂಳು ಹೋಗಬೇಕು, ಚಿತ್ರದ ಮೈಯಲ್ಲೇ ಇರುವ ಸಣ್ಣ ಕಣಗಳ ತರಿ ಹೋಗಬಾರದು, ಹೋದರೆ ಮುಖಗಳು ಮೇಣದ ಗೊಂಬೆಗಳಾಗುತ್ತವೆ.

ಭಾರತದ ಚಿತ್ರಗಳೂ ಆ ಮೇಜುಗಳ ಮೇಲೆ ಹಾದುಹೋಗಿವೆ. ಉದಯಶಂಕರರ ‘ಕಲ್ಪನಾ’, ಅರವಿಂದನ್ ಅವರ ಮಲಯಾಳಂ ಚಿತ್ರ ‘ಕುಮ್ಮಾಟ್ಟಿ’ ಅಲ್ಲಿ ಮರುಜೀವ ಪಡೆದವು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವೂ ಮಾರ್ಟಿನ್ ಸ್ಕೋರ್ಸೆಸಿ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗಳ ಪ್ರಯತ್ನದಿಂದ ಇದೇ ಪ್ರಯೋಗಾಲಯದಲ್ಲಿ ಸರಿಹೋಗಿ, 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆ ಕಂಡಿತು. ಬದುಕಿರುವವಳನ್ನೇ ಸತ್ತವಳೆಂದು ಘೋಷಿಸಿ ಮಡಕೆ ಒಡೆದು ಹೊರಹಾಕುವ ವಿಧಿಯನ್ನು ಆ ಚಿತ್ರ ಕಣ್ಣೆದುರು ತರುತ್ತದೆ. ಉಸಿರಿರುವ ಚಿತ್ರಗಳನ್ನು ಗೋದಾಮಿನ ಸೆಕೆಗೆ ಬಿಟ್ಟು ಮರೆಯುವುದೂ ಅಂಥದೇ ವಿಧಿ. ಅದನ್ನು ಮಾಡಿದವರಲ್ಲಿ ಕನ್ನಡ ಸಮಾಜವೂ ಸೇರಿದೆ ಎಂಬುದನ್ನು ಒಪ್ಪದೆ ದಾರಿಯಿಲ್ಲ. 1934ರ ಮಾರ್ಚ್ 3ರಂದು ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿ ಇಂದು ಉಳಿದಿಲ್ಲ. ಒಂದು ಭಾಷೆ ಪರದೆಯ ಮೇಲೆ ಮೊದಲ ಬಾರಿ ಮಾತಾಡಿದಾಗ ಅದರ ದನಿ ಹೇಗಿತ್ತೆಂದು ಆ ಭಾಷೆಯವರು ಇನ್ನೆಂದಿಗೂ ಕೇಳಲಾರರು.

ಪ್ರವಾಸದ ಕೇಂದ್ರವಾದದ್ದು ಜೂನ್ 27ರ ರಾತ್ರಿ. ಆ ದಿನ ಮಹಾಚೌಕದ ಪರದೆಯ ಮೇಲೆ ‘ಶೋಲೆ’ ಇತ್ತು. ರಮೇಶ್ ಸಿಪ್ಪಿಯವರ ಈ ಹಿಂದಿ ಚಿತ್ರ ಕಲಾತ್ಮಕ ಚಿತ್ರಗಳ ಸಾಲಿಗೆ ಸೇರದೆಂದು ಭಾರತದಲ್ಲಿ ಯಾರಾದರೂ ಹೇಳಿಯಾರು. ಆದರೆ ಜಪಾನಿನ ಮೌನಚಿತ್ರಕ್ಕೂ ಭಾರತದ ಜನಪ್ರಿಯ ಚಿತ್ರಕ್ಕೂ ಒಂದೇ ಪರದೆ, ಒಂದೇ ಶ್ರದ್ಧೆಯ ದುರಸ್ತಿ ಎಂಬುದು ಆ ಉತ್ಸವದ ನಿಲುವು, ಮತ್ತು ಅದು ಸರಿಯಾದ ನಿಲುವು. ‘ಶೋಲೆ’ಯ ಮೂಲ ನೆಗೆಟಿವ್ ತೀವ್ರವಾಗಿ ಹಾಳಾಗಿತ್ತು, ಬ್ರಿಟನ್ನಿನ ಗೋದಾಮೊಂದರಲ್ಲಿದ್ದ ಫಿಲ್ಮ್ ಸುರುಳಿಗಳ ಸಹಾಯದಿಂದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ಕೂಡಿಸಿ ಪೂರ್ಣಗೊಳಿಸಿತು. ಪೂರ್ಣ ಎಂಬ ಮಾತಿಗೆ ಇಲ್ಲಿ ವಿಶೇಷ ಅರ್ಥವಿದೆ. ಮನೆಯವರನ್ನು ಕಳೆದುಕೊಂಡ ಠಾಕೂರ್ ತನ್ನ ಮೊಳೆ ಬೂಟುಗಳಿಂದ ಡಕಾಯಿತ ಗಬ್ಬರನನ್ನು ತುಳಿದು ಕೊಲ್ಲುವುದು ಚಿತ್ರದ ಮೊದಲ ಕೊನೆಯಾಗಿತ್ತು; ತುರ್ತುಪರಿಸ್ಥಿತಿಯ ದಿನಗಳಲ್ಲಿ ಸೆನ್ಸಾರ್ ಮಂಡಳಿ ಒಪ್ಪದ ಕಾರಣ ಪೊಲೀಸರು ಬಂದು ತಡೆಯುವಂತೆ ಮತ್ತೆ ಚಿತ್ರೀಕರಿಸಿ, 1975ರ ಆಗಸ್ಟ್ 15ರಂದು ಬಿಡುಗಡೆ ಮಾಡಲಾಯಿತು. ಭಾರತದ ಜನ ಅರ್ಧ ಶತಮಾನ ನೋಡಿದ್ದು ಆ ಬದಲಿ ಕೊನೆಯನ್ನು. ಮೂಲ ಕೊನೆ ಬೊಲೋನ್ಯದ ಪರದೆಗೆ ಬಂದದ್ದು ತುರ್ತುಪರಿಸ್ಥಿತಿ ಘೋಷಣೆಯಾಗಿ ಐವತ್ತು ವರ್ಷ ಎರಡು ದಿನಗಳ ಮೇಲೆ.

ಅಲ್ಲಿ ಬೇಸಿಗೆಯಲ್ಲಿ ಒಂಬತ್ತು ಗಂಟೆಯ ತನಕ ಬೆಳಕಿರುತ್ತದೆ. ಇಟ್ಟಿಗೆಯ ಗೋಡೆಗಳು ಹಗಲಿಡೀ ಕುಡಿದ ಬಿಸಿಯನ್ನು ಹೊರಬಿಡುತ್ತಿದ್ದವು, ಬಾನಾಡಿಗಳು ಕೀಚಲು ದನಿಯಲ್ಲಿ ಚೌಕವನ್ನು ಸುತ್ತುತ್ತಿದ್ದವು, ಕುರ್ಚಿಗಳು ತುಂಬಿ ಬಸಿಲಿಕಾದ ಮೆಟ್ಟಿಲುಗಳೂ ತುಂಬಿದವು. ಕತ್ತಲಾದ ಮೇಲೆ ರೈಲು ನಿಲ್ದಾಣದಿಂದ ಹೊರಟ ಕುದುರೆ ಸವಾರರು ಬಂಡೆಗಳ ನಡುವೆ ಸಾಗುವ ಆರಂಭದ ದೃಶ್ಯ ಬಂದಾಗ, ಆ ಬೃಹತ್ ಪರದೆಯ ತುಂಬ, ಚಿತ್ರೀಕರಣ ನಡೆದಿದ್ದ ರಾಮನಗರ ಎದ್ದು ನಿಂತಿತು. ಬೆಂಗಳೂರು ಮೈಸೂರು ನಡುವೆ ಓಡಾಡುವ ಕನ್ನಡಿಗರು ಕಿಟಕಿಯಿಂದ ನೂರಾರು ಸಲ ನೋಡಿ ನೋಡದಂತಾದ ಅದೇ ಬೂದು ಬಂಡೆಗಳು, ಅದೇ ಕುರುಚಲು ಗಿಡ, ಮಳೆನೀರು ಇಳಿದು ಕಪ್ಪಾದ ಅದೇ ಗೆರೆಗಳು.

ಪಕ್ಕದಲ್ಲಿ ಮನೆಯಿಂದ ದಿಂಬು ತಂದುಕೊಂಡು ಕೂತಿದ್ದ ವೃದ್ಧ ರೈಲ್ವೆಯಿಂದ ನಿವೃತ್ತನಾದವನು. ಮಧ್ಯಂತರದಲ್ಲಿ ಆತ ತನ್ನ ತುಂಡು ತುಂಡು ಇಂಗ್ಲಿಷಿನಲ್ಲಿ, ಈ ಬಂಡೆಗಳು ಸ್ಪೇನಿನ ಅಲ್ಮೆರಿಯಾದವಲ್ಲವೇ ಎಂದು ಕೇಳಿದ. ಸೆರ್ಜೊ ಲಿಯೋನೆ ತನ್ನ ಕೌಬಾಯ್ ಚಿತ್ರಗಳನ್ನು ತೆಗೆದದ್ದು ಅಲ್ಲಿ. ಪ್ರಶ್ನೆ ತಪ್ಪಾಗಿದ್ದರೂ ಅದರ ಹಿಂದಿನ ಕಣ್ಣು ತಪ್ಪಿರಲಿಲ್ಲ. ಕುರೊಸಾವಾ ಅವರ ‘ಯೊಜಿಂಬೊ’ದಿಂದ ಲಿಯೋನೆಯ ಮೊದಲ ಕೌಬಾಯ್ ಚಿತ್ರ ಹುಟ್ಟಿತು, ‘ಸೆವೆನ್ ಸಮುರಾಯ್’ನಲ್ಲಿ ಹಳ್ಳಿಗರು ಕಾವಲಿಗೆ ಯೋಧರನ್ನು ಕರೆತರುವ ಕಥೆ ‘ಶೋಲೆ’ಯ ಹಳ್ಳಿ ರಾಮಗಢದಲ್ಲಿ ಮತ್ತೆ ನಡೆಯಿತು, ಠಾಕೂರನ ಮನೆಯವರ ಹತ್ಯೆಯ ದೃಶ್ಯದಲ್ಲಿ ಲಿಯೋನೆಯ 1968ರ ಚಿತ್ರದ ನೆರಳಿದೆ. ಜಪಾನಿನಿಂದ ಇಟಲಿಗೆ, ಅಲ್ಲಿಂದ ಮಾಗಡಿ ಕನಕಪುರಗಳ ಮಗ್ಗುಲಿಗೆ ಬಂದ ಕಥೆ ಇಟಲಿಯ ಚೌಕಕ್ಕೆ ಮರಳಿತ್ತು. ಬಂಡೆಗಳಿರುವ ಊರು ಎಲ್ಲಿ, ಪ್ರವಾಸಿಯ ಊರಿನಿಂದ ಅದೆಷ್ಟು ದೂರ ಎಂದು ಕೇಳಿ ತಿಳಿದ ಮೇಲೆ ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಪ್ರಶ್ನೆ ಕೇಳಿದ: “ಆ ಊರಿನವರು ಇದನ್ನು ಎಲ್ಲಿ ಕೂತು ನೋಡುತ್ತಾರೆ?” ಅಷ್ಟರಲ್ಲಿ ಪರದೆ ಬೆಳಗಿದ್ದರಿಂದ ಉತ್ತರ ಹೇಳುವ ಪ್ರಸಂಗ ಬರಲಿಲ್ಲ. ರಾತ್ರಿ ಒಂದು ಗಂಟೆ ಮೀರಿದ ಮೇಲೆ ಠಾಕೂರನ ಬೂಟು ಕೊನೆಯ ಸಲ ಎದ್ದು ಇಳಿದಾಗ ಚೌಕದಲ್ಲಿ ಚಪ್ಪಾಳೆ ಕೂಡಲೇ ಬೀಳಲಿಲ್ಲ.

ಹೇಳದೆ ಉಳಿದ ಆ ಉತ್ತರವೇ ಊರಿಗೆ ಮರಳಿದ ಮೇಲೂ ಕಾಡುತ್ತಿರುವುದು. ಕರ್ನಾಟಕಕ್ಕೆ ಇಂಥ ಚೌಕವೇ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಎಪ್ಪತ್ತರ ದಶಕದಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ‘ಬೈಸಿಕಲ್ ಥೀವ್ಸ್’, ‘ರಾಶೊಮಾನ್’, ‘ಪಥೇರ್ ಪಾಂಚಾಲಿ’ಗಳನ್ನು ಅಡಿಕೆ ಸುಲಿಯುವ, ಗದ್ದೆ ಉಳುವ ಜನರ ಮುಂದೆ ತಂದಿಟ್ಟರು; ಆ ಜನ ಕೂತು ನೋಡಿದರು, ನೋಡಿದ್ದನ್ನು ಮಾತಾಡಿದರು. ಆ ಕಾಲದಲ್ಲಿ ಬೊಲೋನ್ಯದ ಉತ್ಸವವಿನ್ನೂ ಹುಟ್ಟಿರಲಿಲ್ಲ. ನೋಡುವ ರೂಢಿ ಇಲ್ಲಿಯೂ ಇತ್ತು, ಕೆಲವೆಡೆ ಇನ್ನೂ ಇದೆ. ಇಲ್ಲದೆ ಹೋದದ್ದು ಕಾಪಾಡುವ ಕೆಲಸ ಮತ್ತು ತೋರಿಸುವ ಕೆಲಸ ಒಂದೇ ಊರಿನಲ್ಲಿ, ಒಂದೇ ಮನೆಯ ಎರಡು ಕೋಣೆಗಳಂತೆ ಇರುವ ಏರ್ಪಾಡು. ಸರಿಪಡಿಸಿದ ಚಿತ್ರ ಡಬ್ಬಿಯಲ್ಲೇ ಉಳಿದರೆ ಅದು ಮತ್ತೊಂದು ಬಗೆಯ ಮರೆವು. ಚೌಕವಿದ್ದು ಚಿತ್ರವಿಲ್ಲದಿದ್ದರೆ ಬರಿಯ ಬಯಲು. ಪೋರ್ತಿಕೊದ ಅರ್ಥ ಕೊನೆಗೂ ತಿಳಿದದ್ದು ಇಲ್ಲಿ: ಚಿತ್ರದ ಹಕ್ಕು ಯಾರದೇ ಇರಲಿ, ಅದರ ಕೆಳಗೆ ನಡೆದಾಡುವ ಹಕ್ಕು ಊರಿಗೆ ಇರಬೇಕೆಂದು ಆ ನಗರ ತನ್ನ ಮನೆಗಳ ವಿಷಯದಲ್ಲಿ ನಂಬಿದ್ದನ್ನೇ ಸಿನಿಮಾದ ವಿಷಯದಲ್ಲೂ ನಂಬಿತು.

ಜುಲೈ ತಿಂಗಳ ಒಂದು ಬೆಳಿಗ್ಗೆ, ಬೇರೆ ಕೆಲಸವಿಲ್ಲದೆ, ಆ ಪ್ರಶ್ನೆಯೊಂದರ ಸಲುವಾಗಿಯೇ ರಾಮನಗರದಲ್ಲಿ ಇಳಿದದ್ದಾಯಿತು. ಬೆಟ್ಟದ ದಾರಿಯಲ್ಲಿ ಎಳನೀರು ಮಾರುತ್ತಿದ್ದವನ ತಂದೆ ‘ಶೋಲೆ’ಯ ಹಳ್ಳಿಯ ಸೆಟ್ ಕಟ್ಟುವಾಗ ಕೂಲಿಗೆ ಕಲ್ಲು ಹೊತ್ತಿದ್ದವರಂತೆ. ಮಚ್ಚಿನ ತುದಿಯಿಂದ ಅವನು ಆ ಜಾಗವನ್ನು ತೋರಿಸಿದ, ಅಲ್ಲಿ ಜಾಲಿ ಬೆಳೆದಿತ್ತು. ಚಿತ್ರವನ್ನು ಟಿವಿಯಲ್ಲಿ ಬಿಡಿಬಿಡಿಯಾಗಿ ನೋಡಿದ್ದೇನೆ, ಕೊನೆಗೆ ಪೊಲೀಸರು ಬರುತ್ತಾರಲ್ಲ ಎಂದ. ಮೊದಲು ಇದ್ದದ್ದು ಆ ಕೊನೆಯಲ್ಲ ಎಂದು ಹೇಳಿದಾಗ ಕಾಯಿ ಕೊಚ್ಚುವುದನ್ನು ನಿಲ್ಲಿಸಿದ. ಬೂಟಿನ ಸಂಗತಿ, ಮೊಳೆಯ ಸಂಗತಿ, ಕೊಂದ ಮೇಲೆ ಠಾಕೂರ್ ನಿಂತ ರೀತಿ ಎಲ್ಲವನ್ನೂ ಕೇಳಿದ. ಅಷ್ಟರಲ್ಲಿ ಬೈಕ್ ನಿಲ್ಲಿಸಿದ ಇಬ್ಬರು, ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು ಗಾಡಿಯ ಸುತ್ತ ನಿಂತಿದ್ದರು. “ಇವ್ರೂ ಕೇಳ್ಲಿ,” ಎಂದ ಅವನು, ಕಾಯಿಯನ್ನು ಗಾಡಿಯ ಮೇಲಿಟ್ಟು, “ಇನ್ನೊಂದ್ ಸಲ ಮೊದಲಿಂದ ಹೇಳಿ ಸಾರ್, ನಿಧಾನಕ್ಕೆ.”